ನಾಡಿಗೂ ದೇಶಭೇದವುಂಟೆ?

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವೈದ್ಯಶಾಸ್ತ್ರದ ವಿಷಯದಲ್ಲಿ ಲೇಖನಿ ಎತ್ತಿದನೆಂದರೆ ವಾಚಕರಲ್ಲಿ ಕೆಲವರು ನಗಬಹುದು, ಕೆಲವರು ಗದರಿಸಲೂಬಹುದು. ನಮ್ಮ ಅಧ್ಯಾಪಕರೊಬ್ಬರು ಆಗಲೇ ಕೇಳಿದ್ದಾರೆ: "ಏನಪ್ಪಾ, ಅರ್ಥಶಾಸ್ತ್ರ ಬಿಟ್ಟು ಡಾಕ್ಟರಿಕೆಗೆ ಹೊರಟೆಯೋ?" ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿಯೂ ಕೊಡುತ್ತೇನೆ. ಯಾವ ರೋಗಕ್ಕೆ ಯಾವ ಮದ್ದು ಎಂಬುದು ವೈದ್ಯರ ಮಾತು, ನಿಜ. ಆದರೆ ಒಂದೇ ಹೆಸರಿನ ರೋಗಕ್ಕೆ ಅಮೆರಿಕೆಯಲ್ಲೊಂದು, ಜಪಾನಿನಲ್ಲೊಂದು, ಹಾಲೆಂಡಿನಲ್ಲೊಂದು, ನಮ್ಮ ಹರಿಹರ ತಾಲ್ಲೂಕಿನ ಹಳ್ಳಿಯಲ್ಲಿ ಮತ್ತೊಂದು ಚಿಕಿತ್ಸೆ ಏಕೆ ಎಂಬುದು ಬರಿಯ ವೈದ್ಯರ ಮಾತಲ್ಲ. ಅದರಲ್ಲಿ ಬೆಲೆಯುಂಟು, ಕಾನೂನುಂಟು, ಬಸ್ಸಿನ ವೇಳೆಯುಂಟು, ಗದ್ದೆಯ ಕೂಲಿಯುಂಟು. ಅದು ನಮ್ಮ ಪಾಠದೊಳಗಿನ ವಿಷಯವೇ ಸರಿ.

ರೋಗದ ಹೆಸರು ಏಟ್ರಿಯಲ್ ಫಿಬ್ರಿಲೇಷನ್. ಹೃತ್ಕರ್ಣದ ಕಂಪನವೆಂದು ಕನ್ನಡಿಸಬಹುದು. ಹೃದಯಕ್ಕೆ ನಾಲ್ಕು ಕೋಣೆಗಳು. ಮೇಲಿನವೆರಡು ಹೃತ್ಕರ್ಣಗಳು, ಕೆಳಗಿನವೆರಡು ಹೃತ್ಕುಕ್ಷಿಗಳು. ಆರೋಗ್ಯವಂತನಲ್ಲಿ ಮೇಲಿನವು ಮೊದಲು ಅದುಮಿ, ಕೆಳಗಿನವು ಅನಂತರ ಅದುಮಿ, ನಿಮಿಷಕ್ಕೆ 70ಓ 80ಓ ಸಲ ತಾಳ ತಪ್ಪದೆ ರಕ್ತವನ್ನು ತಳ್ಳುತ್ತವೆ. ಈ ರೋಗ ಬಂದವರಲ್ಲಿ ಮೇಲಿನ ಕೋಣೆಗಳು ಅದುಮುವುದನ್ನೇ ಮರೆತು ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಅರಳಿ ಎಲೆಯಂತೆ ಬರಿದೆ ನಡುಗುತ್ತವೆ. ನಾಡಿಯನ್ನು ಮುಟ್ಟಿ ನೋಡಿದರೆ ಅದಕ್ಕೊಂದು ಲೆಕ್ಕವಿರದು: ಎರಡು ಬೇಗ, ಒಂದು ತಡ, ಮತ್ತೆ ಮೂರು ಬೇಗ. ಕೆಲವರಿಗೆ ಎದೆ ಡವಡವಗುಟ್ಟುತ್ತದೆ, ಏದುಸಿರು ಬರುತ್ತದೆ. ಕೆಲವರಿಗೆ ಏನೂ ತಿಳಿಯುವುದೇ ಇಲ್ಲ. ತಿಳಿಯದಿರುವುದೇ ಅಪಾಯ. ನಡುಗುವ ಕೋಣೆಯ ಮೂಲೆಯಲ್ಲಿ, ಅದರಲ್ಲೂ ಎಡ ಹೃತ್ಕರ್ಣಕ್ಕೆ ಅಂಟಿಕೊಂಡಿರುವ ಸಣ್ಣ ಚೀಲದಲ್ಲಿ, ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರೊಂದು ಕಿತ್ತುಹೋಗಿ ಮಿದುಳಿನ ನಾಳದಲ್ಲಿ ಸಿಕ್ಕಿಕೊಂಡರೆ ಲಕ್ವ. ಅಮೆರಿಕೆಯ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ನಡೆದುಬಂದಿರುವ ಅಧ್ಯಯನದಿಂದ ಗೊತ್ತಾದುದೇನೆಂದರೆ, ಈ ಕಂಪನವಿರುವವರಿಗೆ ಲಕ್ವ ಹೊಡೆಯುವ ಸಂಭವ ಇತರರಿಗಿಂತ ಸುಮಾರು 5 ಪಟ್ಟು. ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟು ಈ ಕಂಪನ ಬಂದಿದ್ದರೆ ಸುಮಾರು 17 ಪಟ್ಟು. ಈ 5 ಮತ್ತು 17ರ ನಡುವಣ ಅಂತರವನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ನನ್ನ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

ನಾವಿರುವುದು ಎಸ್.ಎಸ್. ಬಡಾವಣೆಯಲ್ಲಿ. ನಮ್ಮ ಸಾಲಿನಲ್ಲಿಯೇ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ, ವಯಸ್ಸು 74. ಅವರ ಅಣ್ಣ ಮಗನ ಜೊತೆಗೆ ಅಮೆರಿಕೆಯಲ್ಲಿದ್ದಾರೆ. ಇಬ್ಬರಿಗೂ ಇದೇ ರೋಗ. ಅಣ್ಣನಿಗೆ ಅದನ್ನು ಹೇಳಿದ್ದು ಮುಂಗೈಗೆ ಕಟ್ಟಿದ ಗಡಿಯಾರ. ತಮ್ಮನಿಗೆ ಹೇಳಿದ್ದು ಕಣ್ಣಿನ ಪೊರೆ ತೆಗೆಸಲು ಹೋದಾಗ ಮಾಡಿದ ಇ.ಸಿ.ಜಿ. ಪ್ರತಿ ಭಾನುವಾರ ಬೆಳಗ್ಗೆ ಅಣ್ಣತಮ್ಮಂದಿರು ದೂರವಾಣಿಯಲ್ಲಿ ಮಾತಾಡುವಾಗ ಮೊದಲು ಮಳೆ, ಆಮೇಲೆ ಮೊಮ್ಮಕ್ಕಳು, ಆಮೇಲೆ ಗುಳಿಗೆ. ಮೇಷ್ಟ್ರಿಗೆ ಮೊದಲು ಒಂದು ಚಿಕಿತ್ಸಾಲಯದಲ್ಲಿ ಬರಿಯ ಆಸ್ಪಿರಿನ್ ಬರೆದುಕೊಟ್ಟಿದ್ದರು. ಇದು ನಮ್ಮ ದೇಶದಲ್ಲಿ ಇಂದಿಗೂ ಅಪರೂಪವಲ್ಲ. ಇಂಗ್ಲೆಂಡಿನಲ್ಲಾದರೋ 2014ರಲ್ಲೇ ಅಲ್ಲಿಯ ವೈದ್ಯ ಮಾರ್ಗದರ್ಶಿಯು ಈ ರೋಗದಲ್ಲಿ ಲಕ್ವ ತಡೆಯುವುದಕ್ಕೆಂದು ಆಸ್ಪಿರಿನ್ ಒಂದನ್ನೇ ಕೊಡಕೂಡದೆಂದು ಸ್ಪಷ್ಟವಾಗಿ ವಿಧಿಸಿತು. ಆಸ್ಪಿರಿನ್ನಿಗೂ ಅಪಿಕ್ಸಬಾನ್ ಎಂಬ ಹೊಸ ಔಷಧಿಗೂ ಹೋಲಿಸಿ ನೋಡಿದ ಪರೀಕ್ಷೆಯೊಂದು 2011ರಲ್ಲಿ ಪ್ರಕಟವಾಗಿದೆ; ಹೊಸದರಿಂದ ಲಕ್ವದ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿದದ್ದರಿಂದ ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಮೇಷ್ಟ್ರು ಹೃದಯದ ಡಾಕ್ಟರಲ್ಲಿಗೆ ಹೋದಮೇಲೆ ಅವರಿಗೂ ಅಪಿಕ್ಸಬಾನೇ ಆಯಿತು. ಈಗ ಅಣ್ಣನೂ ತಮ್ಮನೂ ದಿನಕ್ಕೆರಡು ಸಲ ನುಂಗುವುದು ಒಂದೇ ಮದ್ದು.

ಮದ್ದು ಒಂದೇ, ಬೆಲೆ ಒಂದೇ ಅಲ್ಲ. ಇಲ್ಲಿ ಸಾಮಾನ್ಯವಾಗಿ ನಾವು ಊಹಿಸುವುದಕ್ಕೆ ತಿರುಗುಮುರುಗಾಗಿದೆ ವ್ಯವಹಾರ. ಭಾರತದಲ್ಲಿ ಅಪಿಕ್ಸಬಾನಿನ ಪೇಟೆಂಟು 2022ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಂದಿನಿಂದ ನಮ್ಮವೇ ಆದ ಹಲವು ಕಂಪೆನಿಗಳು ಅದನ್ನು ತಯಾರಿಸುತ್ತಿವೆ. ಅಮೆರಿಕೆಯಲ್ಲಿ ಅಂಥ ಅಗ್ಗದ ತಯಾರಿಕೆ 2028ರವರೆಗೆ ಅಂಗಡಿಗೆ ಬರುವಂತಿಲ್ಲ. 2023ರಲ್ಲಿ ಅಲ್ಲಿ ಒಂದು ತಿಂಗಳ ಗುಳಿಗೆಯ ಪಟ್ಟಿಯ ಬೆಲೆ 521 ಡಾಲರು. ವೃದ್ಧರ ವಿಮೆಯ ಪರವಾಗಿ ಸರ್ಕಾರ ಚೌಕಾಸಿ ಮಾಡುವ ಅಧಿಕಾರವನ್ನು 2022ರ ಕಾನೂನಿನಿಂದ ಪಡೆದು, 2026ರ ಜನವರಿ 1ರಿಂದ ಅದನ್ನು 231 ಡಾಲರಿಗೆ ಇಳಿಸಿತು. ಇಳಿಸಿದ ಬೆಲೆಯೂ ದಾವಣಗೆರೆಯ ಔಷಧಿ ಅಂಗಡಿಯ ಬೆಲೆಯ ಎದುರಿಗೆ ಆನೆಯ ಮುಂದೆ ಇಟ್ಟ ಆಡಲ್ಲ, ಆಡಿನ ಮುಂದೆ ನಿಂತ ಆನೆ! ಇಂಗ್ಲೆಂಡಿನಲ್ಲಿ 60 ದಾಟಿದವರಿಗೆ ಬರೆದುಕೊಟ್ಟ ಔಷಧಿ ಪುಕ್ಕಟೆ. ಆದುದರಿಂದ ಅಲ್ಲಿ ಚೌಕಾಸಿ ಮಾಡುವುದು ರೋಗಿಯಲ್ಲ, ಸರ್ಕಾರಿ ಆರೋಗ್ಯ ಸೇವೆ. 2022ರ ಜನವರಿಯಲ್ಲಿ ಅವರು ಈ ಗುಂಪಿನ ಔಷಧಿಗಳಲ್ಲಿ ಎಡಾಕ್ಸಬಾನ್ ಎಂಬುದನ್ನು ಕಡಿಮೆ ಬೆಲೆಗೆ ಒಪ್ಪಿಸಿಕೊಂಡು, ಅಡ್ಡಿಯಿಲ್ಲದ ಕಡೆ ಅದನ್ನೇ ಬರೆಯಿರೆಂದು ವೈದ್ಯರಿಗೆ ಸೂಚಿಸಿದರು. ಹೀಗೆ ಆಗ ಲಂಡನ್ನಿನ ಮುದುಕನಿಗೆ ಒಂದು ಗುಳಿಗೆಯಾಯಿತು, ನ್ಯೂಯಾರ್ಕಿನ ಮುದುಕನಿಗೆ ಇನ್ನೊಂದಾಯಿತು. ಹೃದಯದಲ್ಲಿ ವ್ಯತ್ಯಾಸವಿಲ್ಲ, ಲೆಕ್ಕದ ಪುಸ್ತಕದಲ್ಲಿ ವ್ಯತ್ಯಾಸ. ಮೇಷ್ಟ್ರ ಅಣ್ಣ ಊರಿಗೆ ಬರುವಾಗ ಚಾಕೊಲೇಟು ತಂದು, ಹೋಗುವಾಗ ಗುಳಿಗೆ ಒಯ್ಯುತ್ತೇನೆಂದು ನಗೆಯಾಡುತ್ತಾರಂತೆ.

ಅಳತೆಯಲ್ಲಿಯೂ ಇದೇ ಕಥೆ. ಡಾಬಿಗಟ್ರಾನ್ ಎಂಬ ಔಷಧಿಯನ್ನು 2009ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ 150 ಮತ್ತು 110 ಮಿಲಿಗ್ರಾಂ ಎಂಬ ಎರಡು ಅಳತೆಯಲ್ಲಿ ನೋಡಿದರು. ಯೂರೋಪು ಎರಡನ್ನೂ ಒಪ್ಪಿ, 80 ದಾಟಿದವರಿಗೆ 110 ಸಾಕೆಂದಿತು. ಅಮೆರಿಕೆಯ ಔಷಧಿ ಇಲಾಖೆಯು 2010ರಲ್ಲಿ ಈ ರೋಗಕ್ಕೆ 110ನ್ನು ಒಪ್ಪದೆ, ಮೂತ್ರಪಿಂಡ ಬಹಳ ಕೆಟ್ಟವರಿಗೆಂದು ಆ ಪರೀಕ್ಷೆಯಲ್ಲಿ ಯಾರಿಗೂ ಕೊಟ್ಟೇ ಇರದ 75 ಮಿಲಿಗ್ರಾಂ ಅಳತೆಯನ್ನು ಲೆಕ್ಕಾಚಾರದ ಮೇಲೆಯೇ ಒಪ್ಪಿತು. ಜಪಾನಿನವರು ತಮ್ಮ ಜನರ ಮೈಕಟ್ಟು ಬೇರೆಯೆಂದು ರಿವಾರಾಕ್ಸಬಾನನ್ನು 20ರ ಬದಲು 15 ಮಿಲಿಗ್ರಾಂ ಕೊಡುತ್ತಾರೆ. ಯಾರಿಗೆ ಈ ಔಷಧಿ ಬೇಕು ಎಂದು ನಿರ್ಧರಿಸಲು ವೈದ್ಯರು ರೋಗಿಗೆ ಅಂಕ ಹಾಕುವರು, ನಮ್ಮ ಪರೀಕ್ಷೆಯ ಹಾಗೆಯೇ: ವಯಸ್ಸಿಗಿಷ್ಟು, ರಕ್ತದ ಒತ್ತಡಕ್ಕೊಂದು, ಸಕ್ಕರೆ ರೋಗಕ್ಕೊಂದು, ಹಿಂದೆ ಲಕ್ವ ಹೊಡೆದಿದ್ದರೆ ಎರಡು. ಹೆಂಗಸಾದರೆ ಅದಕ್ಕೂ ಒಂದು ಅಂಕವಿತ್ತು. ಆಸ್ಟ್ರೇಲಿಯಾದವರು 2018ರಲ್ಲಿ, ಯೂರೋಪಿನವರು 2024ರಲ್ಲಿ ಹೆಣ್ಣಿನ ಅಂಕವನ್ನು ತೆಗೆದುಹಾಕಿದರು. ಅಮೆರಿಕದವರ 2023ರ ಮಾರ್ಗದರ್ಶಿಯಲ್ಲಿ ಅದು ಉಳಿದಿದೆ. ಒಬ್ಬಳೇ ಹೆಂಗಸು ಅಟ್ಲಾಂಟಿಕ್ ದಾಟಿದ ಮಾತ್ರಕ್ಕೆ ಒಂದಂಕ ಹೆಚ್ಚು ಪಡೆಯುತ್ತಾಳೆ. ನಮಗೂ ಹೀಗೆ ಅಂಕ ಸಿಗುವುದಾದರೆ ಎಷ್ಟು ಚೆನ್ನಾಗಿತ್ತು!

ಇಷ್ಟೆಲ್ಲ ಭೇದಗಳು ಇದ್ದರೂ ಇವು ಒಂದೇ ಮನೆಯ ಅಣ್ಣತಮ್ಮಂದಿರ ಜಗಳದಂತೆ. ಒಬ್ಬ ಮುದುಕ, ಅವನ ರಕ್ತದ ಒತ್ತಡ, ಅವನ ಹೆಪ್ಪು. ಮೂರು ನಾಲ್ಕು ಹೊಸ ಗುಳಿಗೆಗಳಲ್ಲಿ ಒಂದು. ನಿಜವಾದ ಭೇದ ಇರುವುದು ಬೇರೆ ಕಡೆ.

ನನ್ನ ಚಿಕ್ಕಮ್ಮ ಹರಿಹರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ. ಭದ್ರಾ ನಾಲೆಯ ನೀರಿನ ಬತ್ತದ ಸೀಮೆ ಅದು. ಅವಳ ವಯಸ್ಸು 44. ಅವಳ ನಾಡಿಯೂ ತಪ್ಪಿದೆ. ಆದರೆ ಮೇಷ್ಟ್ರ ನಾಡಿ ತಪ್ಪಿದ್ದಕ್ಕೂ ಇವಳದು ತಪ್ಪಿದ್ದಕ್ಕೂ ಕಾರಣ ಬೇರೆ. ಚಿಕ್ಕವಳಿದ್ದಾಗ ಗಂಟಲುನೋವು, ಜ್ವರ, ಮಂಡಿ ಮೊಣಕೈ ಊದುವುದು ಆಗಿತ್ತೆಂದು ನಮ್ಮಜ್ಜಿ ಹೇಳುತ್ತಿದ್ದಳು. ಅದು ಕೀಲುಜ್ವರ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಗಂಟಲಿಗೆ ತಗುಲಿದಾಗ, ಅದರ ಮೇಲೆ ಕಾದಾಡಲು ದೇಹ ಕಟ್ಟಿದ ಸೈನ್ಯವು ತನ್ನದೇ ಹೃದಯದ ಕವಾಟವನ್ನು ಶತ್ರುವೆಂದು ಭ್ರಮಿಸಿ ಕಚ್ಚುತ್ತದೆ. ಕೀಲಿನ ಬಾವು ವಾರಗಳಲ್ಲಿ ಇಳಿದುಹೋಗುತ್ತದೆ. ಕವಾಟದ ಗಾಯ ವರ್ಷಗಟ್ಟಲೆ ಬಲಿತು, ಬಾಗಿಲು ಬಿಗಿದು, ಹೃತ್ಕರ್ಣ ಹಿಗ್ಗಿ, ಕೊನೆಗೆ ನಡುಗತೊಡಗುತ್ತದೆ. ಇಕ್ಕಟ್ಟಾದ ಮನೆ, ಒಂದೇ ಚಾಪೆಯ ಮೇಲೆ ಐದಾರು ಮಕ್ಕಳು, ಗಂಟಲುನೋವಿಗೆ ಯಾರು ಡಾಕ್ಟರನ್ನು ಕಂಡಾರು ಎಂಬ ಉದಾಸೀನ, ಇವು ಆ ರೋಗದ ತವರು. ಯೂರೋಪಿನಲ್ಲೂ ಅಮೆರಿಕೆಯಲ್ಲೂ ಇದು ಒಂದು ಕಾಲಕ್ಕೆ ಹೇರಳವಾಗಿತ್ತು. ಮನೆಗಳು ವಿಶಾಲವಾದುವು, ಪೆನಿಸಿಲಿನ್ ಬಂತು, ರೋಗ ಹೆಚ್ಚುಕಡಿಮೆ ಹೋಯಿತು.

46 ದೇಶಗಳ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ಹೃತ್ಕರ್ಣದ ಕಂಪನದಿಂದ ಬಂದ 15,400 ರೋಗಿಗಳ ಲೆಕ್ಕವೊಂದು 2014ರಲ್ಲಿ ಪ್ರಕಟವಾಯಿತು. ಕೆನಡಾದ ಹ್ಯಾಮಿಲ್ಟನ್ನಿನಲ್ಲಿರುವ ಸಂಶೋಧಕರು ಅದರಲ್ಲಿ ಮುಂದಾಳುಗಳು; ಅವರ ಸಂಸ್ಥೆಯನ್ನು ಕಟ್ಟಿದ ಡಾ. ಸಲೀಂ ಯೂಸುಫ್ ಅವರು ವೈದ್ಯಕೀಯ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ. ಆ ಲೆಕ್ಕದ ಪ್ರಕಾರ ಉತ್ತರ ಅಮೆರಿಕೆಯ ರೋಗಿಗಳಲ್ಲಿ ಕೀಲುಜ್ವರದ ಹೃದ್ರೋಗವಿದ್ದವರು ನೂರಕ್ಕೆ 2.2, ಭಾರತದಲ್ಲಿ ನೂರಕ್ಕೆ 31.5. ಭಾರತ, ಆಫ್ರಿಕ, ಮಧ್ಯಪ್ರಾಚ್ಯಗಳ ರೋಗಿಗಳ ಸರಾಸರಿ ವಯಸ್ಸು ಬೇರೆ ಕಡೆಯವರಿಗಿಂತ 10ರಿಂದ 12 ವರ್ಷ ಕಡಿಮೆ. ಅಲ್ಲಿ ಅಜ್ಜಂದಿರ ರೋಗ. ಇಲ್ಲಿ ತಾಯಂದಿರ ರೋಗವೂ ಹೌದು. ಮಕ್ಕಳನ್ನು ಹೆರುವ ವಯಸ್ಸಿನ ಹೆಂಗಸರು ಇದರಲ್ಲಿ ಬಹಳ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹಳೆಯ ಗುಳಿಗೆಯಿಂದ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಕೇಡಾಗಬಹುದಾದ್ದರಿಂದ ಡಾಕ್ಟರು ಎಷ್ಟು ಎಚ್ಚರ ವಹಿಸಬೇಕು! ಈ ಪ್ರಶ್ನೆ ಮೇಷ್ಟ್ರ ಅಣ್ಣನ ಡಾಕ್ಟರಿಗೆ ಬರುವುದೇ ಇಲ್ಲ.

ಚಿಕ್ಕಮ್ಮನ ಕವಾಟಕ್ಕೆ ಬೆಂಗಳೂರಿನಲ್ಲಿ ಬಲೂನು ಚಿಕಿತ್ಸೆ ಆಯಿತು. ತೊಡೆಯ ರಕ್ತನಾಳದಿಂದ ಬಲೂನೊಂದನ್ನು ತೂರಿಸಿ, ಬಿಗಿದ ಕವಾಟದಲ್ಲಿ ಅದನ್ನು ಉಬ್ಬಿಸಿ ಬಾಗಿಲನ್ನು ಬಿಡಿಸುವ ಈ ವಿಧಾನವನ್ನು ಜಪಾನಿನ ಡಾ. ಇನೌಯೆ 1984ರಲ್ಲಿ ಪ್ರಕಟಿಸಿದರು. ಆದರೆ ಇಂದು ಅದರ ಹೆಚ್ಚಿನ ಕೈಪಳಗಿಕೆ ಇರುವುದು ಜಪಾನಿನಲ್ಲಲ್ಲ, ರೋಗಿಗಳಿರುವ ನಮ್ಮಂಥ ದೇಶಗಳಲ್ಲಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಇದಕ್ಕೆ ಹೆಸರಾದುದು. ಎಲ್ಲ ಚಿಕಿತ್ಸೆಯಲ್ಲಿಯೂ ನಾವು ಹಿಂದೆ, ಅವರು ಮುಂದೆ ಎಂದುಕೊಂಡವರು ಇದನ್ನು ಗಮನಿಸಬೇಕು.

ಬಲೂನು ಬಾಗಿಲನ್ನು ಬಿಡಿಸಿತು, ಕಂಪನ ಹೋಗಲಿಲ್ಲ. ಆದುದರಿಂದ ಗುಳಿಗೆ ಬೇಕೇ ಬೇಕು. ಇಂಥ ಕವಾಟದವರಿಗೆ ಅಂಕದ ಲೆಕ್ಕವೂ ಇಲ್ಲ. ಡಾಕ್ಟರು ಬರೆದದ್ದು ಹಳೆಯ ವಾರ್ಫರಿನ್. ಇದನ್ನು ಕೇಳಿ ನಮ್ಮ ಮೇಷ್ಟ್ರು ನೊಂದುಕೊಂಡು, "ಅಯ್ಯೋ, ಆ ಹಳೇ ಮದ್ದು ಯಾಕಪ್ಪಾ? ತಿಂಗಳು ತಿಂಗಳು ರಕ್ತ ಕೊಡಬೇಕು. ನಿನ್ನ ಚಿಕ್ಕಮ್ಮಗೂ ನನ್ನ ಗುಳಿಗೇನೇ ಕೊಡಿಸು. ಬೇಕಾದ್ರೆ ನಾನೇ ತರಿಸಿಕೊಡ್ತೀನಿ" ಎಂದರು. ಅವರದು ದೊಡ್ಡ ಮನಸ್ಸು. ಚಿಕ್ಕಮ್ಮನ ಮಗ, ನನ್ನ ತಮ್ಮ, ಅದನ್ನು ಬೇರೆ ರೀತಿಯಲ್ಲಿ ಹಿಡಿದುಕೊಂಡ. "ನೋಡಣ್ಣಾ, ಬಡಾವಣೆಯೋರಿಗೆ ಹೊಸದು, ಹಳ್ಳಿಯೋರಿಗೆ ಹಳೇದು. ಅಮೆರಿಕದೋರಿಗೆ ಒಂದು ನ್ಯಾಯ, ನಮಗೊಂದು ನ್ಯಾಯ" ಎಂದ. ಡಾಕ್ಟರನ್ನು ಕೇಳಿದರೆ ಅವರು ಒಪ್ಪಲಿಲ್ಲ. ತಮ್ಮನ ಅನುಮಾನ ಇನ್ನೂ ಬಲವಾಯಿತು.

ಈ ಅನುಮಾನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಡವನಿಗೆ ಎರಡನೆಯ ದರ್ಜೆಯ ವಸ್ತುವನ್ನು ಕೊಟ್ಟು 'ನಿನಗೆ ಇದೇ ಒಳ್ಳೆಯದು' ಎಂದು ಹೇಳಿದ ಉದಾಹರಣೆಗಳು ಲೋಕದಲ್ಲಿ ಕಡಮೆಯೇ? ಆದರೆ ಈ ಒಂದು ಸಂಗತಿಯಲ್ಲಿ ಡಾಕ್ಟರ ಮಾತೇ ಸರಿ, ಮತ್ತು ಅದಕ್ಕೆ ಗಟ್ಟಿಯಾದ ಆಧಾರವಿದೆ. ಹೊಸ ಔಷಧಿಗಳನ್ನು ಮೊದಲು ಪರೀಕ್ಷಿಸಿದಾಗ ಕೀಲುಜ್ವರದಿಂದ ಕವಾಟ ಬಿಗಿದವರನ್ನು ಹೊರಗಿಟ್ಟೇ ಪರೀಕ್ಷಿಸಿದ್ದರು. ಶ್ರೀಮಂತ ದೇಶಗಳಲ್ಲಿ ಅಂಥವರೇ ಅಪರೂಪವಲ್ಲವೆ? ಹೀಗಾಗಿ ಚಿಕ್ಕಮ್ಮನಂಥವರಿಗೆ ಯಾವುದು ಮೇಲೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಆಫ್ರಿಕ, ಏಷ್ಯಾ, ಲ್ಯಾಟಿನ್ ಅಮೆರಿಕೆಗಳ 24 ದೇಶಗಳಲ್ಲಿ, ಭಾರತವೂ ಸೇರಿದಂತೆ, ಕೀಲುಜ್ವರದ ಹೃದ್ರೋಗವೂ ಕಂಪನವೂ ಇರುವ 4,500ಕ್ಕೂ ಹೆಚ್ಚು ಮಂದಿಯಲ್ಲಿ ಪರೀಕ್ಷೆ ನಡೆಯಿತು. ಅದರ ಹೆಸರು ಇನ್ವಿಕ್ಟಸ್. ಫಲಿತಾಂಶ ಬಂದದ್ದು 2022ರಲ್ಲಿ. ಸೇರಿದವರ ಸರಾಸರಿ ವಯಸ್ಸು 50ರ ಹತ್ತಿರ. ನಾಲ್ವರಲ್ಲಿ ಸುಮಾರು ಮೂವರು ಹೆಂಗಸರು. ಅರ್ಧ ಜನಕ್ಕೆ ಹೊಸ ರಿವಾರಾಕ್ಸಬಾನ್, ಅರ್ಧ ಜನಕ್ಕೆ ವಾರ್ಫರಿನ್ ಜಾತಿಯ ಹಳೆಯ ಮದ್ದು. ಹೊಸದೇ ಗೆಲ್ಲಬಹುದು, ಸೋತರೂ ಸಮ ಬರಬಹುದು ಎಂದು ಹಲವರ ಎಣಿಕೆ. ಆದದ್ದು ಬೇರೆ. ಲಕ್ವ, ಹೃದಯಾಘಾತ, ಮರಣ ಮುಂತಾದ ಅನಾಹುತಕ್ಕೆ ಒಳಗಾದವರು ಹೊಸ ಮದ್ದಿನವರಲ್ಲಿ 560, ಹಳೆಯದರವರಲ್ಲಿ 446. ಸಾವೂ ಹಳೆಯ ಮದ್ದಿನವರಲ್ಲಿಯೇ ಕಡಮೆ. ರಕ್ತಸ್ರಾವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮೇಷ್ಟ್ರಿಗೆ ಅಮೃತವಾದದ್ದು ಚಿಕ್ಕಮ್ಮನಿಗೆ ಅಮೃತವಲ್ಲ. ಅವರ ಗುಳಿಗೆಯನ್ನು ಪ್ರೀತಿಯಿಂದ ಇವಳಿಗೆ ಕೊಡಿಸಿದ್ದರೆ ಇವಳ ಕಾವಲನ್ನೇ ತೆಗೆದಂತಾಗುತ್ತಿತ್ತು.

ಹಳೆಯದು ಎಂದು ಮೂಗು ಮುರಿಯುವವರಿಗಾಗಿ ಆ ಮದ್ದಿನ ಚರಿತ್ರೆಯನ್ನೂ ಸ್ವಲ್ಪ ಹೇಳಬೇಕು. 1920ರ ದಶಕದಲ್ಲಿ ಉತ್ತರ ಅಮೆರಿಕೆಯ ಬಯಲುಸೀಮೆಯಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಸಿಹಿ ಕ್ಲೋವರ್ ಎಂಬ ಮೇವು ಮಳೆಗೆ ನೆನೆದು ಬೂಷ್ಟು ಹಿಡಿದಿತ್ತು. ಬಡ ರೈತರು ಅದನ್ನೇ ಹಾಕಿದ್ದರು. 1933ರಲ್ಲಿ ವಿಸ್ಕಾನ್ಸಿನ್ನಿನ ಒಬ್ಬ ರೈತ ಹಿಮದ ಬಿರುಗಾಳಿಯಲ್ಲಿ ಸತ್ತ ಹಸುವನ್ನೂ ಹೆಪ್ಪುಗಟ್ಟದ ರಕ್ತದ ಕೊಡವನ್ನೂ ಹೇರಿಕೊಂಡು ವಿಶ್ವವಿದ್ಯಾನಿಲಯದ ಬಾಗಿಲಿಗೆ ಬಂದ. ಕಾರ್ಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರೂ ಅವರ ಶಿಷ್ಯರೂ ವರ್ಷಗಳ ಕಾಲ ದುಡಿದು ಆ ಮೇವಿನ ವಿಷವನ್ನು ಬೇರ್ಪಡಿಸಿದರು. ಅದರ ಸಂಬಂಧಿಯೇ ವಾರ್ಫರಿನ್. 1948ರಲ್ಲಿ ಇಲಿ ಪಾಷಾಣವಾಗಿ ಅಂಗಡಿಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು. 1955ರಲ್ಲಿ ಹೃದಯಾಘಾತವಾದಾಗ ಅಮೆರಿಕೆಯ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು. ಇಲಿಗೆ ವಿಷ, ಅಧ್ಯಕ್ಷರಿಗೆ ಔಷಧಿ. ಎಲ್ಲವೂ ಅಳತೆಯ ಮೇಲೆ.

ಆ ಅಳತೆಯಲ್ಲೇ ಇರುವುದು ತೊಡಕು. ಈ ಗುಳಿಗೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಐ.ಎನ್.ಆರ್. ಎಂಬ ರಕ್ತಪರೀಕ್ಷೆಯ ಅಂಕಿ 2 ಮತ್ತು 3ರ ನಡುವೆ ಇರಬೇಕು. (ಜಪಾನಿನವರು ಇಲ್ಲಿಯೂ ತಮ್ಮ 70 ದಾಟಿದವರಿಗೆ 1.6ರಿಂದ 2.6 ಎಂದು ಕೆಳಕ್ಕೆ ಇಟ್ಟುಕೊಂಡಿದ್ದಾರೆ.) ಕೆ ಜೀವಸತ್ವ ಈ ಮದ್ದಿನ ಪ್ರತಿಕಕ್ಷಿ, ಅದು ಹಸಿರು ಸೊಪ್ಪಿನಲ್ಲಿ ಹೇರಳ. ರೊಟ್ಟಿಯ ಜೊತೆಗೆ ಹಸಿ ಮೆಂತ್ಯ, ಹಕ್ಕರಿಕೆ, ಮೂಲಂಗಿ ಸೊಪ್ಪು ಕಚ್ಚಿಕೊಂಡು ತಿನ್ನುವ ನಮ್ಮ ಸೀಮೆಯವರಿಗೆ ಇದನ್ನು ವಿವರಿಸಿ ಹೇಳುವವರು ಬೇಕು. ಸೊಪ್ಪು ಬಿಡಬೇಕಾಗಿಲ್ಲ, ಒಂದು ವಾರ ಹೊರೆ, ಇನ್ನೊಂದು ವಾರ ಸೊನ್ನೆ ಆಗದೆ ದಿನವೂ ಒಂದೇ ಸಮನಾಗಿ ತಿಂದರೆ ಸಾಕು, ಡಾಕ್ಟರು ಅದಕ್ಕೆ ತಕ್ಕಂತೆ ಗುಳಿಗೆಯನ್ನು ಹೊಂದಿಸುವರು. ಅದಕ್ಕಿಂತ ಅಪಾಯ ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೇಳಿ ತಂದು ನುಂಗುವ ನೋವಿನ ಗುಳಿಗೆ. ನಾಟಿಯ ಕಾಲದಲ್ಲಿ ಬಗ್ಗಿ ಬಗ್ಗಿ ಸೊಂಟ ಬಿದ್ದ ಹೆಂಗಸಿಗೆ ಅದನ್ನು ನುಂಗಬೇಡವೆಂದು ಹೇಳುವುದು ಸುಲಭ.

ಈಗ ಹಾಲೆಂಡನ್ನು ನೋಡಿರಿ. ಅಲ್ಲಿ 1949ರಿಂದಲೂ ಇದಕ್ಕೆಂದೇ ಪ್ರತ್ಯೇಕ ಸೇವಾ ಕೇಂದ್ರಗಳಿವೆ. ಬರಲಾರದವರ ಮನೆಗೇ ದಾದಿಯರು ಹೋಗಿ ರಕ್ತ ತೆಗೆದುಕೊಂಡು ಬರುವರು. ಮುಂದಿನ ದಿನಗಳಲ್ಲಿ ಎಷ್ಟೆಷ್ಟು ಗುಳಿಗೆ ಎಂಬ ಪಟ್ಟಿ ರೋಗಿಗೆ ತಲುಪುವುದು. ಜರ್ಮನಿಯಲ್ಲಿ ರೋಗಿಗಳಿಗೇ ತರಬೇತಿ ಕೊಟ್ಟು, ಸಕ್ಕರೆ ರೋಗದವರು ಮಾಡುವಂತೆ ಬೆರಳು ಚುಚ್ಚಿ ಸಣ್ಣ ಯಂತ್ರದಲ್ಲಿ ತಾವೇ ಐ.ಎನ್.ಆರ್. ನೋಡಿಕೊಂಡು ಗುಳಿಗೆ ಹೊಂದಿಸಿಕೊಳ್ಳುವುದನ್ನು ಕಲಿಸಿದ್ದಾರೆ. ಗುಳಿಗೆಯೂ ದೇಶಕ್ಕೊಂದು: ಜರ್ಮನರದು ಫೆನ್‌ಪ್ರೋಕುಮಾನ್, ದೇಹದಲ್ಲಿ ದಿನಗಟ್ಟಲೆ ನಿಲ್ಲುವಂಥದು, ಹಾಲೆಂಡ್, ಸ್ಪೇನ್‌ಗಳಲ್ಲಿಯೂ ನಮ್ಮಲ್ಲಿಯೂ ಬಳಸುವ ಅಸಿನೊಕುಮರಾಲ್ ಬೇಗ ಇಳಿದುಹೋಗುವಂಥದು, ಒಂದು ದಿನ ಮರೆತರೂ ಅಂಕಿಯಲ್ಲಿ ಕಾಣಿಸುತ್ತದೆ. ಇಷ್ಟು ಏರ್ಪಾಟಿನ ಫಲವೇನು? ನಾನು ಮೇಲೆ ಹೇಳಿದ 15,400 ಜನರ ಲೆಕ್ಕದಲ್ಲಿಯೇ ಇದೆ: ಅಂಕಿಯು 2-3ರ ಒಳಗೆ ಇದ್ದ ಕಾಲ ಪಶ್ಚಿಮ ಯೂರೋಪಿನಲ್ಲಿ ನೂರಕ್ಕೆ 62ರಷ್ಟು, ಭಾರತ, ಚೀನ, ಆಗ್ನೇಯ ಏಷ್ಯಾ, ಆಫ್ರಿಕಗಳಲ್ಲಿ 32ರಿಂದ 40. ಅಂದರೆ ನಮ್ಮವರು ಗುಳಿಗೆ ನುಂಗಿದರೂ ಮೂರರಲ್ಲಿ ಎರಡು ಪಾಲು ಕಾಲ ಒಂದೋ ಹೆಪ್ಪಿನ ಕಡೆಗೆ, ಇಲ್ಲವೆ ರಕ್ತಸ್ರಾವದ ಕಡೆಗೆ ವಾಲಿಕೊಂಡಿದ್ದಾರೆ.

ನನ್ನ ತಮ್ಮ ಹೇಳುವ ಅನ್ಯಾಯ ಇರುವುದು ಇಲ್ಲಿ, ಗುಳಿಗೆಯ ಹೆಸರಿನಲ್ಲಲ್ಲ. ಚಿಕ್ಕಮ್ಮ ಬೆಳಗ್ಗೆ ಬಸ್ಸು ಹಿಡಿದು ಹರಿಹರಕ್ಕೆ ಬಂದು, ಅಲ್ಲಿಂದ ಸುಮಾರು 14 ಕಿಲೋಮೀಟರು ದಾವಣಗೆರೆಗೆ ಬಂದು, ರಕ್ತ ಕೊಟ್ಟು, ನಮ್ಮ ಮನೆಯಲ್ಲಿ ಮಧ್ಯಾಹ್ನದವರೆಗೆ ಕಾದು, ಫಲಿತಾಂಶದ ಚೀಟಿ ಹಿಡಿದು ಡಾಕ್ಟರನ್ನು ಕಂಡು, ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಒಂದು ದಿನದ ಕೂಲಿ ಹೋಯಿತು. ನಾಟಿ, ಕಳೆ, ಕೊಯ್ಲುಗಳ ಕಾಲದಲ್ಲಿ ಅವಳು ಬರುವುದಿಲ್ಲ. "ಈ ತಿಂಗಳು ಬಿಡು, ಚೆನ್ನಾಗೇ ಇದೀನಿ" ಎನ್ನುತ್ತಾಳೆ. ಆಯುಷ್ಮಾನ್ ಕಾರ್ಡಿನಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆಯೊಳಗಿನ ಚಿಕಿತ್ಸೆ ಉಂಟು. ಬಲೂನಿಗೆ ಅದು ಒದಗಿತು. ಆದರೆ ಬಲೂನಿನ ಫಲವನ್ನು ಕಾಯುವ ಈ ತಿಂಗಳ ತಿಂಗಳ ಓಡಾಟಕ್ಕೆ ಅದು ಒದಗುವುದಿಲ್ಲ. ಲಕ್ವ ಹೊಡೆದು ಮಂಚ ಹಿಡಿದರೆ ಹಣವುಂಟು, ಹೊಡೆಯದಂತೆ ಬೆರಳು ಚುಚ್ಚಲು ಇಲ್ಲ! 1965ರಿಂದ ವೈದ್ಯಕೀಯ ಕಾಲೇಜು ಇರುವ, ಈಗ ಅಂಥ ಎರಡು ಕಾಲೇಜುಗಳಿರುವ ಊರಿನ ಸುತ್ತಲ ಹಳ್ಳಿಯ ಮಾತು ಇದು. ಬೆಟ್ಟ ಕಾಡುಗಳ ಮಾತಲ್ಲ.

ಬೆರಳು ಚುಚ್ಚಿ ನೋಡುವ ಯಂತ್ರವನ್ನು ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಟ್ಟು, ಅಲ್ಲಿಯ ದಾದಿಗೆ ಗುಳಿಗೆ ಹೊಂದಿಸುವ ಪಟ್ಟಿಯೊಂದನ್ನು ಕೊಟ್ಟು, ಸಂದೇಹ ಬಂದಲ್ಲಿ ದೂರವಾಣಿಯಲ್ಲಿ ಡಾಕ್ಟರನ್ನು ಕೇಳುವಂತೆ ಮಾಡಿದರೆ ಸಾಕೆಂದು ನನ್ನ ಮತ. ಇದು ದೊಡ್ಡ ಕನಸಲ್ಲ. ಎದೆನೋವು ಬಂದವರ ಇ.ಸಿ.ಜಿ.ಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದು ಜಯದೇವ ಸಂಸ್ಥೆಯ ತಜ್ಞರಿಗೆ ಕಳಿಸುವ ಹೃದಯ ಜ್ಯೋತಿ ಯೋಜನೆಯನ್ನು ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ನಮ್ಮ ಸರ್ಕಾರವೇ ತಂದಿದೆ. ಹೃದಯಾಘಾತಕ್ಕೆಂದು ಹಾಕಿದ ಆ ತಂತಿಯ ಮೇಲೆಯೇ ತಪ್ಪಿದ ನಾಡಿಯ ಸುದ್ದಿಯೂ ಹೋಗಬಹುದಲ್ಲವೆ? ಕೆಲವರು ಹೇಳುವರು, ಹೊಸ ಗುಳಿಗೆ ಅಗ್ಗವಾಗಿರುವಾಗ, ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಅವನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿರುವಾಗ, ಈ ಪರೀಕ್ಷೆಯ ಜಂಜಾಟವೇಕೆ ಎಂದು. ಮೇಷ್ಟ್ರಂಥವರಿಗೆ ಆ ಮಾತು ನೂರಕ್ಕೆ ನೂರು ಸರಿ. ಅಂಥವರಿಗೆ ಅದು ಸರ್ಕಾರಿ ಆಸ್ಪತ್ರೆಯಲ್ಲೂ ಸಿಗಬೇಕು. ಆದರೆ ಕವಾಟ ಬಿಗಿದವರು ಇರುವವರೆಗೆ, ಅವರಿಗೆ ಹಳೆಯ ಮದ್ದೇ ಉಳಿಸುವ ಮದ್ದಾಗಿರುವವರೆಗೆ, ಪರೀಕ್ಷೆಯ ಏರ್ಪಾಟನ್ನು ಮುಚ್ಚುವಂತಿಲ್ಲ. ಶ್ರೀಮಂತ ದೇಶಗಳು ತಮ್ಮ ವಾರ್ಫರಿನ್ ಕೇಂದ್ರಗಳನ್ನು ಕಡಮೆ ಮಾಡುತ್ತಿವೆಯೆಂದು ನಾವು ಕಟ್ಟುವುದಕ್ಕೆ ಮೊದಲೇ ಬಿಟ್ಟುಬಿಡುವುದು ಬುದ್ಧಿವಂತಿಕೆಯಲ್ಲ.

ಇನ್ನು ಪೆನಿಸಿಲಿನ್. ಕೀಲುಜ್ವರ ಒಮ್ಮೆ ಬಂದ ಮಗುವಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಳ ಕಾಲ ಕೊಟ್ಟರೆ ಕವಾಟ ಮತ್ತೆ ಮತ್ತೆ ಗಾಯಗೊಳ್ಳುವುದು ತಪ್ಪುತ್ತದೆ. ಬಹಳ ಹಳೆಯ, ಬಹಳ ಅಗ್ಗದ ಮದ್ದು. ವಿಶ್ವ ಆರೋಗ್ಯ ಸಭೆ 2018ರಲ್ಲಿ ಈ ರೋಗದ ನಿವಾರಣೆಗೆ ನಿರ್ಣಯವನ್ನೂ ಮಾಡಿದೆ. ಚಿಕ್ಕಮ್ಮನಿಗೆ ಹತ್ತು ವರ್ಷವಿದ್ದಾಗ ಯಾರಾದರೂ ಅದನ್ನು ಚುಚ್ಚಿದ್ದರೆ ಅವಳು ಇಂದು ಈ ಲೇಖನದಲ್ಲಿ ಇರುತ್ತಿರಲಿಲ್ಲವೇನೋ. ಶಾಲೆಗೆ ಹೋಗುವ ಅವಳ ಓಣಿಯ ಮಕ್ಕಳ ಗಂಟಲುನೋವನ್ನು ಯಾರು ನೋಡುತ್ತಿದ್ದಾರೆ ಎಂದು ನಾನು ಕೇಳಿದಾಗ ಯಾರೂ ಉತ್ತರ ಹೇಳಲಿಲ್ಲ.

ನಮ್ಮ ಕೈಲಾದದ್ದೂ ಒಂದುಂಟು. ನಾಡಿ ನೋಡಲು ಯಂತ್ರ ಬೇಡ, ಪದವಿಯೂ ಬೇಡ. ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸುವುದು ಅರ್ಧ ಗಂಟೆಯಲ್ಲಿ ಕಲಿಯುವ ವಿದ್ಯೆ. 65 ದಾಟಿದವರು ಯಾವುದಕ್ಕೇ ಬರಲಿ, ಅವರ ನಾಡಿಯನ್ನು ಮುಟ್ಟಿ ನೋಡಿರೆಂದು ಯೂರೋಪಿನ ವೈದ್ಯರಿಗೆ ವಿಧಿ. ಎಲ್ಲರನ್ನೂ ಹುಡುಕಿ ಹುಡುಕಿ ನೋಡುವುದರಿಂದ ಎಷ್ಟು ಲಾಭವೆಂಬ ವಿಷಯದಲ್ಲಿ ದೇಶಗಳಿಗೆ ಇನ್ನೂ ಒಮ್ಮತವಿಲ್ಲ. ಅಮೆರಿಕೆಯ ಸಮಿತಿಯೊಂದು 2022ರಲ್ಲಿ ಆಧಾರ ಸಾಲದೆಂದು ಹೇಳಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ಏದುಸಿರು ಬಿಡುವ ನಡುವಯಸ್ಸಿನ ಹೆಂಗಸಿನ ನಾಡಿ ನೋಡುವುದಕ್ಕೆ ಯಾವ ಸಮಿತಿಯ ಅಪ್ಪಣೆಯೂ ಬೇಡವೆಂದು ನಾನು ತಿಳಿಯುತ್ತೇನೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ನಾವು ಪ್ರತಿ ವರ್ಷ ರಸ್ತೆ ಗುಡಿಸುತ್ತೇವೆ, ಸಸಿ ನೆಡುತ್ತೇವೆ. ಸಂಜೆ ಭಾಷಣ ಕೇಳುತ್ತೇವೆ. ಅದರ ಜೊತೆಗೆ ವೈದ್ಯಕೀಯ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳನ್ನು ಕರೆಸಿ, ನಾಡಿ ನೋಡುವುದನ್ನು ಕಲಿತು, ಎರಡು ಮಧ್ಯಾಹ್ನ ಮನೆಮನೆಗೆ ಹೋಗಿ, ತಾಳ ತಪ್ಪಿದವರ ಹೆಸರು ಬರೆದುಕೊಂಡು ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಬಹುದು. ಮುಂದಿನ ಶಿಬಿರದ ಊರು ಇನ್ನೂ ಗೊತ್ತಾಗಿಲ್ಲ. ಅದು ಹರಿಹರ ತಾಲ್ಲೂಕಿನಲ್ಲಿ ಆಗಲೆಂದು ನಮ್ಮ ಶಿಬಿರಾಧಿಕಾರಿಗಳಿಗೆ ಅರ್ಜಿ ಬರೆದಿದ್ದೇನೆ. ಈವರೆಗೆ ಒಂಬತ್ತು ಮಂದಿ ಸಹಪಾಠಿಗಳು ಸಹಿ ಹಾಕಿದ್ದಾರೆ. ಅರ್ಜಿ ವಾಚನಾಲಯದ ಮೇಜಿನ ಮೇಲಿದೆ.